ಎರಡು ಬಾಟಲಿಯ ನೊಣಗಳು

ಅಕ್ಕಾ,

ನೀನು ತೀರಿಕೊಂಡ ಮೇಲೆ ಇದನ್ನು ಓದುವವರಿಲ್ಲ, ಆದರೂ ಬರೆಯುತ್ತಿದ್ದೇನೆ. ಇವತ್ತು ಲ್ಯಾಬಿನಲ್ಲಿ ನನ್ನ ಎಡವಟ್ಟು ಬಯಲಾಯಿತು. ಹಣ್ಣುನೊಣದ ಮೊಟ್ಟೆಗಳನ್ನು ಒಂದೇ ಅಳತೆಯ ಆಹಾರವಿದ್ದ ಎರಡು ಬಾಟಲಿಗೆ ಸಮವಾಗಿ ಹಂಚಬೇಕಿತ್ತು. ಗಾಬರಿಯಲ್ಲಿ ಮುಕ್ಕಾಲು ಪಾಲನ್ನು ಒಂದಕ್ಕೇ ಸುರಿದಿದ್ದೆ. ಅದರಲ್ಲಿ ಬೆಳೆದ ನೊಣಗಳು ಪುಟಾಣಿ, ಅವು ಇಟ್ಟ ಮೊಟ್ಟೆಯೂ ಕಡಿಮೆ.

"ಏನಪ್ಪಾ, ನೊಣ ಸಾಕು ಅಂದ್ರೆ ಸಾಸಿವೆ ಸಾಕಿದ್ದೀಯಾ?" ಅಂದರು ಸರ್.

"ಜೀನ್ಸ್ ಇರ್ಬೇಕು ಸರ್, ಹುಟ್ಟುಗುಣ," ಅಂದೆ.

"ಎರಡೂ ಒಂದೇ ತಾಯಿ ಮಕ್ಕಳು ಕಣೋ! ಇವಕ್ಕೆ ಊಟ ಸಾಲಲಿಲ್ಲ, ಅಷ್ಟೇ."

ಕ್ಲಾಸೆಲ್ಲ ನಕ್ಕಿತು.

ನಿನಗೆ ಯಾಕೆ ಮಕ್ಕಳಾಗಲಿಲ್ಲವೆಂದು ಭಾವನ ಮನೆಯವರು ಕೇಳಿದಾಗ, "ಅವಳ ಮೈಕಟ್ಟೇ ಅಷ್ಟು, ಹುಟ್ಟಿನಿಂದ" ಅಂದವನು ನಾನು. ಚಿಕ್ಕಂದಿನಿಂದಲೂ, ಆಮೇಲೆ ನಾನು ಹಾಸ್ಟೆಲಿನಿಂದ ರಜೆಗೆ ಬಂದಾಗಲೆಲ್ಲ, ನೀನು "ನಂಗೆ ಹಸಿವಿಲ್ವೋ" ಅನ್ನುತ್ತ ನಿನ್ನ ತಟ್ಟೆಯದನ್ನೂ ನನಗೇ ಬಡಿಸುತ್ತಿದ್ದೆ. ನಾನು ನಂಬಿ ತಿನ್ನುತ್ತಿದ್ದೆ.