ಬಿತ್ತಲೂ ಬಾರದ, ತಿನ್ನಲೂ ಬಾರದ ನೂರ ನಲವತ್ತು ಚೀಲ

ಕದನವಿರಾಮದ ಜಂಟಿ ನೆರವು ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ಮೇ ತಿಂಗಳ ಕೊನೆಯೊಳಗೆ ತಲುಪಿಸುತ್ತೇವೆ ಎಂದು ತಾವು ಮಾತು ಕೊಟ್ಟಿದ್ದ ಬಿತ್ತನೆ ಜೋಳ ಅಕ್ಟೋಬರ್ ಇಪ್ಪತ್ತೊಂದನೇ ತಾರೀಕು ನಮ್ಮ ಊರು ಕರ್ಲೆಂಗಾಕ್ಕೆ ಬಂತು. ನೂರ ನಲವತ್ತು ಚೀಲ. ಒಂದು ಚೀಲವೂ ಕಡಿಮೆಯಿಲ್ಲ. ಲಾರಿಯ ಜೊತೆಗೇ ತಮ್ಮ ಕಚೇರಿಯ ಒಂದು ನಮೂನೆಯೂ ಬಂದಿದೆ. 'ನೆರವು ಸುರಕ್ಷಿತವಾಗಿ, ಸಂಪೂರ್ಣವಾಗಿ ತಲುಪಿದೆ' ಎಂದು ಊರ ಸಮಿತಿಯ ಕಾರ್ಯದರ್ಶಿ ಅದರಲ್ಲಿ ರುಜು ಹಾಕಬೇಕಂತೆ. ಆ ಕಾರ್ಯದರ್ಶಿ ನಾನೇ. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಊರವರು ನನ್ನನ್ನು ಆ ಜಾಗದಲ್ಲಿ ಕೂರಿಸಿದ್ದಾರೆ. ನಾನು ರುಜು ಹಾಕಿಲ್ಲ. ಯಾಕೆ ಹಾಕಿಲ್ಲ ಎಂದು ತಮಗೊಬ್ಬರಿಗೇ ಬರೆದರೆ, ಈ ಐದು ತಿಂಗಳಲ್ಲಿ ಬರೆದ ಏಳು ಪತ್ರಗಳ ಪಕ್ಕದಲ್ಲಿ ಇದೂ ಮಲಗೀತು. ಅದಕ್ಕೇ ಪತ್ರಿಕೆಗೆ ಕೊಡುತ್ತಿದ್ದೇನೆ. ಸಿಟ್ಟಿನಿಂದ ಬರೆಯುತ್ತಿದ್ದೇನೆ ಎಂದು ಭಾವಿಸಬೇಡಿ. ಸಿಟ್ಟು ಮಾಡಿಕೊಳ್ಳಲು ಹೊಟ್ಟೆ ಒಂದಿಷ್ಟಾದರೂ ತುಂಬಿರಬೇಕು.

ಗುಂಡಿನ ಸದ್ದು ನಿಂತಿದೆ, ಒಪ್ಪುತ್ತೇನೆ. ಏಪ್ರಿಲ್‌ನಲ್ಲಿ ರೇಡಿಯೊ ಆರು ತಿಂಗಳ ಕದನವಿರಾಮ ಎಂದಾಗ ನಾವು ಗುಹೆಗಳಿಂದ ಇಳಿದು ಬಂದು ಮನೆಗಳ ಬೂದಿ ಗುಡಿಸಿದೆವು. ಸರ್ಕಾರದವರು ಮತ್ತು ಅವರ ವಿರುದ್ಧ ಕಾದಾಡುತ್ತಿದ್ದ ಬೆಟ್ಟದವರು ಒಂದೇ ಮೇಜಿಗೆ ಕೂತು ತಮ್ಮ ಸಮಿತಿಯನ್ನು ರಚಿಸಿದರು ಎಂದು ಕೇಳಿ ನಮ್ಮೂರಿನಲ್ಲಿ ಮುದುಕರು ಅತ್ತರು. ಆದರೆ ಒಂದು ಮಾತು ಹೇಳಲೇಬೇಕು. ಯುದ್ಧದ ದಿನಗಳಲ್ಲಿ ಕಳ್ಳದಾರಿಯಲ್ಲಿ ಕತ್ತೆಗಳ ಮೇಲೆ ಒಂದಿಷ್ಟು ಉಪ್ಪು, ಸಾಬೂನು, ಬೀಜ ನಮಗೆ ಬರುತ್ತಿತ್ತು. ಶಾಂತಿ ಬಂದ ಕೂಡಲೇ ಕಾನೂನಿನ ಹೆಸರಿನಲ್ಲಿ ತಾವು ಕಳ್ಳದಾರಿಯನ್ನು ಮುಚ್ಚಿಸಿದಿರಿ. ಹೆದ್ದಾರಿಯನ್ನು ತೆರೆಯಲಿಲ್ಲ. ಗುಂಡು ಹಾರುವಾಗ ಗುಹೆಗೆ ಓಡುತ್ತಿದ್ದೆವು. ಹಸಿವಿಗೆ ಅಂಜಿ ಓಡಲು ಯಾವ ಗುಹೆಯಿದೆ, ಮಾನ್ಯರೇ?

ಮೇ ಎರಡನೇ ತಾರೀಕು ತಮ್ಮ ಪ್ರಕಟಣೆ ಬಂತು. ಊರ ನಡುವಿನ ತಬಾಲ್ದಿ ಮರದ ಕೆಳಗೆ ಜನರನ್ನು ಸೇರಿಸಿ ನಾನೇ ಗಟ್ಟಿಯಾಗಿ ಓದಿದೆ. 'ಮೊದಲ ಮಳೆಗೆ ಮುನ್ನ ಪ್ರತಿ ಮನೆಗೂ ಬಿತ್ತನೆ ಬೀಜ.' ಮೂವತ್ತು ವರ್ಷ ಮಕ್ಕಳಿಗೆ ಪಾಠ ಓದಿದ ಗಂಟಲು ನನ್ನದು. ಆ ದಿನದಷ್ಟು ಚೆನ್ನಾಗಿ ಎಂದೂ ಓದಿರಲಿಲ್ಲ. ಮುಂದಿನ ಸಾಲಿನಲ್ಲೇ ನನ್ನ ತಾಯಿಯ ಅಕ್ಕ ಕಲ್ತೂಮಾ ಕೂತಿದ್ದಳು.

"ಇದ್ರೀಸಾ, ಇದು ನಿಜಾನೇನೋ?" ಎಂದಳು.

"ಎರಡೂ ಕಡೆಯವರ ಮೊಹರಿದೆ ದೊಡ್ಡಮ್ಮ."

"ಮೊಹರು ಬಿತ್ತಿದ್ರೆ ಮೊಳೆಯುತ್ತಾ?"

ಜನ ನಕ್ಕರು. ನಾನೂ ನಕ್ಕೆ.

ಕಲ್ತೂಮಾಳ ವಿಷಯ ತಮಗೆ ಹೇಳಬೇಕು. ಅವಳ ಬಳಿ ಒಂದು ಸೋರೆಬುರುಡೆ ಇತ್ತು. ಅದರ ತುಂಬ ಬೂದಿ ಬೆರೆಸಿದ ಕೆಂಪುಜೋಳದ ಬೀಜ. ಬಾಯಿಗೆ ಸಗಣಿ ಮೆತ್ತಿ, ಹುಳ ಬೀಳದಂತೆ ಒಲೆಯ ಮೇಲೆ ಹೊಗೆಗೆ ತೂಗುಹಾಕುತ್ತಿದ್ದಳು. ಎಪ್ಪತ್ತು ದಿನಕ್ಕೆ ತೆನೆ ಬಿಡುವ ಜಾತಿ. ಅವಳ ಅಜ್ಜಿಯಿಂದ ಅವಳ ತಾಯಿಗೆ, ತಾಯಿಯಿಂದ ಅವಳಿಗೆ ಬಂದದ್ದು. ಸುತ್ತಿನ ಐದಾರು ಊರುಗಳಲ್ಲಿ ಆ ಜಾತಿ ಬೇರೆ ಯಾರ ಬಳಿಯೂ ಉಳಿದಿರಲಿಲ್ಲ. ವಿಮಾನದ ಸದ್ದು ಕೇಳಿದಾಗ ಜನ ಮಕ್ಕಳನ್ನೆತ್ತಿಕೊಂಡು ಗುಹೆಗೆ ಓಡಿದರೆ ಇವಳು ಬುರುಡೆಯನ್ನೂ ಎತ್ತಿಕೊಂಡು ಓಡುತ್ತಿದ್ದಳು. 'ಕಲ್ತೂಮಾಳ ಕಿರಿಮಗ' ಎಂದು ಊರವರು ಅದಕ್ಕೆ ಹೆಸರಿಟ್ಟಿದ್ದರು. "ಹೌದು ಕಣ್ರೋ, ಇವನೊಬ್ಬನೇ ನನಗೆ ಎದುರುತ್ತರ ಕೊಡಲ್ಲ" ಎನ್ನುತ್ತಿದ್ದಳು.

ಹೋದ ವರ್ಷದ ಬೆಳೆ ಹೊಲದಲ್ಲೇ ಸುಟ್ಟಿತ್ತು. ಮೇ ನಡುವಿಗೆ ಬರುವಾಗ ಊರಿನಲ್ಲಿ ಎಲೆ ಬೇಯಿಸಿ ತಿನ್ನುವುದು ಶುರುವಾಗಿತ್ತು. ದುಡಿಯಲು ದೂರ ಹೋಗಿದ್ದ ಮಗಳ ಮೂರು ಮಕ್ಕಳು ಕಲ್ತೂಮಾಳ ಜೊತೆಗಿದ್ದವು. ಕಿರಿಯವಳ ಕಾಲು ಊದಿಕೊಂಡಿತ್ತು. ನಾನು ಅವಳ ಮನೆಗೆ ಹೋಗಿ ಬುರುಡೆಯತ್ತ ಕೈ ತೋರಿಸಿದೆ.

"ದೊಡ್ಡಮ್ಮ, ಇನ್ನೆರಡು ವಾರಕ್ಕೆ ಬೀಜ ಬರುತ್ತೆ. ಅದನ್ನ ಇಳಿಸಿ ಮಕ್ಕಳಿಗೆ ಬೇಯ್ಸಿ ಹಾಕು."

"ಸತ್ರೂ ಇದನ್ನ ತಿನ್ನಬೇಡ ಅಂತ ಹೇಳಿ ಸತ್ಲು ನಮ್ಮಮ್ಮ."

"ಅಜ್ಜಿ ಕಾಲದಲ್ಲಿ ನೆರವು ಸಮಿತಿ ಇರಲಿಲ್ಲವಲ್ಲ."

ಇದು ನಾನಾಡಿದ ಮಾತು, ಮಾನ್ಯರೇ. ತಮ್ಮ ಪರವಾಗಿ ಆಡಿದೆ. "ಓದಿದವನು ನೀನು" ಎಂದು ಅವಳು ಎದ್ದು ಬುರುಡೆ ಇಳಿಸಿದಳು. ಬೂದಿ ಕೇರಿ, ಬೀಸುಕಲ್ಲಿಗೆ ಹಾಕಿ, ಅಸೀದಾ ಮುದ್ದೆ ಮಾಡಿ ಮಕ್ಕಳಿಗೆ ಉಣಿಸಿದಳು. ಹನ್ನೊಂದು ದಿನ ಬಂತು. ಕಲ್ತೂಮಾಳೇ ಬುರುಡೆ ಒಡೆದಳೆಂದ ಮೇಲೆ ಬೇರೆ ಮನೆಗಳವರು ಯಾಕೆ ಕಾಯುತ್ತಾರೆ? ಅಲ್ಲಿ ಇಲ್ಲಿ ಅಡಗಿಸಿಟ್ಟಿದ್ದ ಹಿಡಿ, ಬೊಗಸೆ ಬೀಜಗಳೆಲ್ಲ ಆ ತಿಂಗಳು ಒಲೆ ಸೇರಿದವು. ಅದರಿಂದ ಜೀವ ಹಿಡಿದು, ಆಮೇಲೆ ಮಳೆಯ ಸೊಪ್ಪು-ಗೆಡ್ಡೆ ತಿಂದು ಮಕ್ಕಳು ಬದುಕಿದವು. ಅದನ್ನು ನಾನು ಮರೆತಿಲ್ಲ. ಅದೊಂದೇ ನನಗಿರುವ ಸಮಾಧಾನ.

ಜೂನ್ ಒಂಬತ್ತಕ್ಕೆ ಮೊದಲ ಮಳೆ ಬಿತ್ತು. ಎಂಥ ಮಳೆ! ಮೂರು ವರ್ಷದಲ್ಲಿ ಅಂಥ ಹದ ಕಂಡಿರಲಿಲ್ಲ. ಜನ ಗುದ್ದಲಿ ಹಿಡಿದು ಹೊಲ ಕೆತ್ತಿ ಹಸನು ಮಾಡಿ ಬದುವಿನ ಮೇಲೆ ಕೂತರು, ದಾರಿ ನೋಡುತ್ತ. ದಿನಕ್ಕೆ ಇಪ್ಪತ್ತು ಸಲ ನನ್ನನ್ನು ಕೇಳಿದರು, "ಮೇಷ್ಟ್ರೇ, ಲಾರಿ ಎಲ್ಲಿಗೆ ಬಂತು?" ಹದಿನೈದು ದಿನ ಉತ್ತರ ಕೊಟ್ಟೆ. ಹದಿನಾರನೇ ದಿನ ನಾಚಿಕೆಯಾಗಿ, ಬೆಟ್ಟದ ಕಾಲುದಾರಿಯಲ್ಲಿ ಮೂರು ದಿನ ನಡೆದು ತಮ್ಮ ಕಚೇರಿಯಿರುವ ಪಟ್ಟಣಕ್ಕೆ ಬಂದೆ.

ತಾವು ಸಭೆಯಲ್ಲಿದ್ದಿರಿ. ನಾನಿದ್ದ ನಾಲ್ಕೂ ದಿನ ಸಭೆಯಲ್ಲೇ ಇದ್ದಿರಿ. ತಮ್ಮ ಗುಮಾಸ್ತರು ಮಾತ್ರ ಒಳ್ಳೆಯವರು, ಕೂರಿಸಿ ಚಹಾ ಕೊಟ್ಟರು. ಲಾರಿಗಳು ನಮ್ಮ ಊರಿಗೆ ಅರ್ಧ ದಿನದ ದೂರದಲ್ಲಿ, ಹಳ್ಳದ ಆಚೆಯ ತನಿಖಾ ಠಾಣೆಯಲ್ಲಿ ಮೇ ಕೊನೆಯಿಂದಲೂ ನಿಂತಿವೆ ಎಂಬ ಸಂಗತಿ ನನಗೆ ಗೊತ್ತಾದದ್ದು ಅವರಿಂದಲೇ.

"ತೊಂದರೆ ಏನಂದ್ರೆ ಮೇಷ್ಟ್ರೇ, ಬೀಜ ಅಂದ್ರೆ ಆಹಾರನೋ, ಕೃಷಿ ಸಾಮಗ್ರಿನೋ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಆಹಾರ ಆದ್ರೆ ಈ ಮೇಜು. ಕೃಷಿ ಆದ್ರೆ ಆ ಮೇಜು."

"ಆ ಮೇಜಿನವರು ಎಲ್ಲಿ?"

"ಅವರನ್ನ ಇನ್ನೂ ನೇಮಿಸಿಲ್ಲ. ಅದು ಹಾಳಾಗಿ ಹೋಗ್ಲಿ, ಬೀಜಕ್ಕೆ ಔಷಧಿ ಲೇಪಿಸಿದ್ದಾರೆ, ಹುಳ ಹತ್ತದ ಹಾಗೆ. ಔಷಧಿ ಅಂದ್ರೆ ರಾಸಾಯನಿಕ. ರಾಸಾಯನಿಕ ಅಂದ್ರೆ ಸೇನೆಯವರ ಒಪ್ಪಿಗೆ ಬೇಕು. ಸೇನೆಯವರು ಒಪ್ಪಿದ್ರೆ ಬೆಟ್ಟದವರಿಗೆ ಅನುಮಾನ ಬರುತ್ತೆ, ಇವರು ಇಷ್ಟು ಬೇಗ ಯಾಕೆ ಒಪ್ಪಿದ್ರು ಅಂತ."

"ಹಾಗಾದ್ರೆ ಬೇಡ ಅಂತಿರೋರು ಯಾರು ಸ್ವಾಮಿ?"

ಅವರು ಚಹಾದ ಲೋಟ ಕೆಳಗಿಟ್ಟು ದನಿ ತಗ್ಗಿಸಿದರು. "ಬೇಡ ಅಂದೋರು ಒಬ್ಬರೂ ಇಲ್ಲ ಮೇಷ್ಟ್ರೇ. ಹೂಂ ಅನ್ನೋ ಅಧಿಕಾರ ಮಾತ್ರ ಯಾರಿಗೂ ಇಲ್ಲ."

ಈ ಯುದ್ಧದ ಬಗ್ಗೆಯಾಗಲಿ, ಶಾಂತಿಯ ಬಗ್ಗೆಯಾಗಲಿ ಇಷ್ಟು ಸ್ಪಷ್ಟವಾದ ಮಾತನ್ನು ನಾನು ಕೇಳಿಲ್ಲ. ಆ ಗುಮಾಸ್ತರಿಗೆ ಬಡ್ತಿ ಕೊಡಿ. ಅವರ ಹೆಸರು ಬರೆದರೆ ಕೆಲಸ ಹೋದೀತೆಂದು ಬರೆಯುತ್ತಿಲ್ಲ.

ಹಿಂತಿರುಗುವಾಗ ಲಾರಿ ದಾರಿಯನ್ನೇ ಹಿಡಿದು ಬಂದು ಠಾಣೆಯ ಬಳಿ ಲಾರಿಗಳನ್ನು ಕಂಡೆ. ಚಾಲಕ ಬಾಬಿಕಿರ್ ಎಂಬಾತ ನೆರಳಿಗೆ ತಾಡಪಾಲು ಕಟ್ಟಿಕೊಂಡು ಅಲ್ಲೇ ಸಂಸಾರ ಹೂಡಿದ್ದ. ಒಂದು ಚೀಲದ ಮೂಲೆಯಿಂದ ಒಂದಿಷ್ಟು ಬೀಜ ಸೋರಿ ಚಕ್ರದ ಬಳಿ ಬಿದ್ದಿತ್ತಂತೆ. ಮಳೆ ಬಿದ್ದ ಮೇಲೆ ಅಲ್ಲಿ ಜೋಳ ಮೊಳೆತು, ಗೇಣುದ್ದ, ಕಡುಹಸಿರಾಗಿ ನಿಂತಿತ್ತು.

"ನೋಡಿ ಮೇಷ್ಟ್ರೇ," ಎಂದ ಬಾಬಿಕಿರ್, "ಬೀಜದ್ದೇನೂ ತಪ್ಪಿಲ್ಲ."

ಸೈನಿಕರು ಆ ಸಸಿಗಳನ್ನು ತುಳಿಯದೆ ಸುತ್ತಿ ಬಳಸಿ ನಡೆಯುತ್ತಿದ್ದರು. ಅವರೂ ಯಾವುದೋ ಊರಿನ ರೈತರ ಮಕ್ಕಳು. ನಾನು ಅಲ್ಲಿ ಕುಕ್ಕರಗಾಲಿನಲ್ಲಿ ಕೂತು ಒಂದು ಎಲೆ ಮುಟ್ಟಿ ನೋಡಿದೆ. ಒಂದು ಚೀಲವನ್ನು ಹೊತ್ತುಕೊಂಡು ಓಡಿಬಿಡೋಣವೆನಿಸಿತು. ಐವತ್ತೆಂಟು ವರ್ಷದ ಮುಖ್ಯೋಪಾಧ್ಯಾಯ ಬೀಜ ಕದ್ದು ಗುಂಡೇಟು ತಿಂದನೆಂದರೆ ಕದನವಿರಾಮಕ್ಕೆ ಧಕ್ಕೆಯಾಗುತ್ತದಲ್ಲ? ಸುಮ್ಮನೆ ಎದ್ದು ಬಂದೆ.

ಜುಲೈ ಹನ್ನೊಂದಕ್ಕೆ ಹಳ್ಳ ತುಂಬಿ ಬಂತು. ನಮ್ಮ ಕರಿಮಣ್ಣಿನ ದಾರಿಯಲ್ಲಿ ಆಮೇಲೆ ಕತ್ತೆಯೂ ನಡೆಯಲಾರದು. ತಾವು ಅನುಮತಿಗೆ ರುಜು ಹಾಕಿದ್ದು ಜುಲೈ ಇಪ್ಪತ್ತಾರಕ್ಕೆ. ಆ ರುಜುವಿನ ಚಿತ್ರ ಪತ್ರಿಕೆಯಲ್ಲಿ ಬಂದಿತ್ತೆಂದು ಕೇಳಿದೆ. ಎರಡೂ ಕಡೆಯವರು ಕೈ ಕುಲುಕಿದರಂತೆ. ಅದೇ ಹೊತ್ತಿಗೆ ಕಲ್ತೂಮಾಳ ಹದ ಮಾಡಿದ ಹೊಲದಲ್ಲಿ ಕಳೆ ಸೊಂಟದುದ್ದ ಬೆಳೆದಿತ್ತು. ಮಗಳಿಂದ ಕಾಗದ ಬಂದರೆ ಅವಳು ನನ್ನ ಬಳಿ ತರುವುದು ಬಿಟ್ಟು, ಓದಿಸಲು ಪಕ್ಕದೂರಿಗೆ ಹೋಗತೊಡಗಿದಳು.

ಅಕ್ಟೋಬರ್‌ನಲ್ಲಿ ದಾರಿ ಒಣಗಿ ಲಾರಿ ಬಂದಾಗ, ಬಿಚ್ಚಿದ ಮೊದಲ ಚೀಲದಿಂದ ಗುಲಾಬಿ ಬಣ್ಣದ ಜೋಳ ಸುರಿಯಿತು. ಔಷಧಿ ಲೇಪಿಸಿದ ಬೀಜಕ್ಕೆ ಹಾಗೆ ಬಣ್ಣ ಹಾಕುತ್ತಾರೆ, ಯಾರೂ ತಿನ್ನಬಾರದೆಂದು. ಚೀಲದ ಮೇಲೆ ತಲೆಬುರುಡೆಯ ಚಿತ್ರವೂ ಇತ್ತು. ಬಿತ್ತೋಣವೆಂದರೆ ಮಳೆಗಾಲ ಮುಗಿದಿದೆ. ತಿನ್ನೋಣವೆಂದರೆ ವಿಷ. ಮತ್ತೆ ತಬಾಲ್ದಿ ಮರದ ಕೆಳಗೆ ಜನರನ್ನು ಸೇರಿಸಿ ಚೀಲದ ಮೇಲಿನ ಬರಹವನ್ನು ಓದಿ ಹೇಳಿದೆ. "ತೊಳೆದರೂ ಹೋಗಲ್ಲ, ಬೇಯಿಸಿದರೂ ಹೋಗಲ್ಲ. ದಯವಿಟ್ಟು ಯಾರೂ ಮುಟ್ಟಬೇಡಿ" ಎಂದು ಮೂರು ಸಲ ಹೇಳಿದೆ. ಜನ ಕೇಳಿಸಿಕೊಂಡರು, ಎದ್ದು ಹೋದರು.

ನಾಲ್ಕನೇ ದಿನ ಬುಲುಸ್ ಎಂಬ ನಮ್ಮೂರ ಬಡಗಿಯ ತಾಯಿ ಮರ್ತಾ, ಒಂದು ಬೋಗುಣಿಯಷ್ಟು ಬೀಜವನ್ನು ನೀರು ತಿಳಿಯಾಗುವವರೆಗೆ ತೊಳೆದು ಬೇಯಿಸಿದಳು. ಮೊಮ್ಮಕ್ಕಳು ತಟ್ಟೆ ಹಿಡಿದು ಬಂದರೆ ತಡೆದಳಂತೆ. "ಮೊದಲು ನಾನು ತಿಂತೀನಿ. ಸಂಜೆ ತನಕ ನನಗೇನೂ ಆಗದಿದ್ರೆ ನೀವು ತಿನ್ನಿ." ಸಂಜೆಯೊಳಗೆ ಅವಳ ಬಾಯಲ್ಲಿ ನೊರೆ ಬಂತು. ಮಾರನೇ ದಿನ ಮಣ್ಣು ಮಾಡಿದೆವು.

ಗುಂಡಿ ಮುಚ್ಚಿದ ಮೇಲೆ ನಾನು ಬುಲುಸನ ಬಳಿ ಹೋದೆ. "ಹೇಳಿದ್ದೆನಲ್ಲಪ್ಪ, ವಿಷ ಅಂತ" ಎಂದೆ. ಹೇಳಬಾರದಿತ್ತು. ಅವನು ಗುದ್ದಲಿಯ ಮಣ್ಣು ಕೆರೆಯುತ್ತ ಶಾಂತವಾಗಿಯೇ ಉತ್ತರಿಸಿದ.

"ಹೇಳಿದ್ರಿ ಮೇಷ್ಟ್ರೇ. ಮೇ ತಿಂಗಳಲ್ಲೂ ಇದೇ ಮರದ ಕೆಳಗೆ ಓದಿ ಹೇಳಿದ್ರಿ, ಬೀಜ ಬರುತ್ತೆ ಅಂತ. ಎರಡ್ರಲ್ಲಿ ಯಾವುದನ್ನ ನಂಬಬೇಕು ಅಂತ ಅಮ್ಮನಿಗೆ ಹೇಗೆ ಗೊತ್ತಾಗ್ಬೇಕಿತ್ತು?"

ಮಾನ್ಯರೇ, ಈ ಪ್ರಶ್ನೆಗೆ ಉತ್ತರ ತಮ್ಮಲ್ಲಿದೆಯೇ? ತಾವು ಬೀಜವನ್ನಷ್ಟೇ ತಡ ಮಾಡಿದ್ದರೆ ನಾವು ಸಹಿಸುತ್ತಿದ್ದೆವು. ತಡ ನಮಗೆ ಹೊಸದಲ್ಲ. ಆದರೆ ಬರಲಾರದ್ದನ್ನು ಬರುತ್ತದೆ ಎಂದು ಬರೆದು ಕಳುಹಿಸಿದಿರಿ. ನಂಬದೆ ಇದ್ದಿದ್ದರೆ ಕಲ್ತೂಮಾಳ ಬುರುಡೆಯಲ್ಲಿ ಬೀಜವಿರುತ್ತಿತ್ತು, ಜೂನ್ ಒಂಬತ್ತರ ಹದಕ್ಕೆ ಬಿತ್ತುತ್ತಿದ್ದಳು, ಆಗಸ್ಟ್ ಕೊನೆಗೆ ತೆನೆ ಮುರಿದು ಊರಿಗೆ ಹಂಚುತ್ತಿದ್ದಳು. ಆ ಹನ್ನೊಂದು ದಿನದ ಮುದ್ದೆಯಿಲ್ಲದೆ, ಬರೀ ಎಲೆ ತಿಂದು ಆ ಮಕ್ಕಳು ಆಗಸ್ಟ್ ತನಕ ಬದುಕುತ್ತಿದ್ದವೇ? ಅದೂ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ನಿದ್ದೆ ಬರುವುದಿಲ್ಲ. ಇಷ್ಟು ಮಾತ್ರ ಗೊತ್ತು. ಮೂವತ್ತು ವರ್ಷ ಕಷ್ಟಪಟ್ಟು ಗಳಿಸಿದ ನನ್ನ ಮಾತಿನ ಬೆಲೆಯನ್ನು ತಮ್ಮ ಒಂದು ಕಾಗದ ತಿಂದುಹಾಕಿತು. ವಿಷವನ್ನು ವಿಷವೆಂದರೂ ನಂಬದ ಹಾಗೆ ಮಾಡಿತು.

ಈಗ ಕದನವಿರಾಮವನ್ನು ಇನ್ನಾರು ತಿಂಗಳು ಮುಂದುವರಿಸಿದ್ದೀರಿ. ಸಂತೋಷ. ಅದರ ಜೊತೆಗೆ ಎರಡನೇ ಪ್ರಕಟಣೆಯೂ ಬಂದಿದೆ. 'ಡಿಸೆಂಬರ್ ಒಳಗೆ ಪ್ರತಿ ಮನೆಗೂ ಆಹಾರ ಧಾನ್ಯ. ಕಾರ್ಯದರ್ಶಿಗಳು ಸಾರ್ವಜನಿಕವಾಗಿ ಓದಿ ತಿಳಿಸತಕ್ಕದ್ದು.' ನಾನು ಓದುವುದಿಲ್ಲ. ಧಾನ್ಯ ಬೇಡವೆಂದಲ್ಲ. ಬೇಕು, ಬೇಡಿ ಕೇಳುತ್ತಿದ್ದೇನೆ. ಆದರೆ ಮೊದಲು ಲಾರಿ ಬರಲಿ, ಪ್ರಕಟಣೆ ಆಮೇಲೆ ಬರಲಿ. ಹೂಂ ಎನ್ನುವ ಅಧಿಕಾರವಿರುವ ಒಬ್ಬರೇ ಒಬ್ಬರನ್ನು ಆ ತನಿಖಾ ಠಾಣೆಯಲ್ಲಿ ಕೂರಿಸಿ. ಅವರು ಸರ್ಕಾರದವರಾದರೂ ಸರಿ, ಬೆಟ್ಟದವರಾದರೂ ಸರಿ. ದಾರಿ ಈಗ ಒಣಗಿದೆ, ಜೂನ್‌ವರೆಗೆ ಒಣಗಿಯೇ ಇರುತ್ತದೆ. ಅಷ್ಟರೊಳಗೆ ಊಟದ ಜೋಳ ಬಂದರೆ ಈ ಗುಲಾಬಿ ಬೀಜವನ್ನು ಮುಂದಿನ ಮಳೆಗೆ ಬಿತ್ತಲು ಜನ ಉಳಿದಿರುತ್ತಾರೆ. ಇದಾಗದಿದ್ದರೆ ತಾವೇ ಬನ್ನಿ. ಮರದ ಕೆಳಗೆ ನಿಂತು ತಮ್ಮ ಪ್ರಕಟಣೆಯನ್ನು ತಮ್ಮ ಬಾಯಿಂದಲೇ ಓದಿ, ನಮ್ಮ ಹೆಂಗಸರು ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಹೋಗಿ.

ಚೀಲಗಳನ್ನು ನಮ್ಮ ಶಾಲೆಯೊಳಗೆ ಪೇರಿಸಿದ್ದೇವೆ. ಬಾಗಿಲಿಗೆ ಬೀಗವಿಲ್ಲ, ಬಾಗಿಲೂ ಅರ್ಧ ಸುಟ್ಟಿದೆ. ಮರ್ತಾಳನ್ನು ಮಣ್ಣು ಮಾಡಿದ ದಿನದ ಸಂಜೆ, ಹಸಿದ ಊರಿನಲ್ಲಿ ಇದನ್ನು ಕಾಯುವವರು ಯಾರು ಎಂದು ಸಮಿತಿಯವರೆಲ್ಲ ತಲೆ ತಗ್ಗಿಸಿ ಕೂತಿದ್ದೆವು. ಕಲ್ತೂಮಾ ಒಂದು ಚಾಪೆ, ಒಂದು ಕೋಲು ತಂದು ಹೊಸ್ತಿಲಿನಲ್ಲಿ ಕೂತಳು. ಜೂನ್‌ನಿಂದೀಚೆಗೆ ಮೊದಲ ಸಲ ನನ್ನ ಜೊತೆ ಮಾತಾಡಿದಳು.

"ನೀನು ಮನೆಗೆ ಹೋಗು. ಹಸಿವಿನ ಬಾಯಿಂದ ಬೀಜ ಕಾಯೋದು ನನಗೆ ಗೊತ್ತು."

ಇಂತಿ,
ತಮ್ಮ ರುಜುವನ್ನು ನಂಬಿದ್ದರಿಂದ ತನ್ನ ರುಜು ಹಾಕಲಾರದವನು,
ಇದ್ರೀಸ್ ಕೋಡಿ
ಮುಖ್ಯೋಪಾಧ್ಯಾಯ, ಕರ್ಲೆಂಗಾ ಶಾಲೆ
(ಶಾಲೆ ಸದ್ಯಕ್ಕೆ ಗೋದಾಮು)