ಎರಡು ರಿಂಗಿನ ಹಾಜರಿ

ಮನೆ,
ತಾರೀಕು ಹದಿನಾಲ್ಕು, ಮಂಗಳವಾರ

ಪ್ರೀತಿಯ ಮರಿ ಡಾಕ್ಟರಿಗೆ ಅಜ್ಜಿಯ ಆಶೀರ್ವಾದ.

ಹೇಗಿದ್ದೀಯ? ಪಾದದ ಊತ ಇಳಿಯಿತೇ? ಊರವರ ಕಾಲು ಒತ್ತಿ ನೋಡುವವಳು ನಿನ್ನದನ್ನೂ ಒಮ್ಮೆ ನೋಡಿಕೋ. ಇಲ್ಲಿ ನಾವು ಚೆನ್ನಾಗಿದ್ದೇವೆ. ನಿನ್ನ ತಾತನ ಮಂಡಿನೋವು ನಾನು ಅಂಗಡಿಗೆ ಕಳಿಸಿದಾಗ ಬರುತ್ತದೆ, ಗೆಳೆಯರು ಕರೆದಾಗ ಹೋಗುತ್ತದೆ. ಆ ಕಾಯಿಲೆಗೆ ನಿಮ್ಮ ಪುಸ್ತಕದಲ್ಲಿ ಹೆಸರಿದ್ದರೆ ತಿಳಿಸು.

ಭಾನುವಾರ ನೀನು ಇಲ್ಲಿ ಮರೆತು ಬಿಟ್ಟುಹೋದ ಫೈಲು ನನ್ನ ಕೈಗೆ ಸಿಕ್ಕಿತು. ಬೇರೆಯವರ ಕಾಗದ ಓದಬಾರದೆಂದು ನಿನಗೆ ಕಲಿಸಿದವಳು ನಾನೇ. ಆದರೆ ಊಟದ ತಟ್ಟೆಯಲ್ಲಿ ಕೈಯಿಟ್ಟುಕೊಂಡೇ ನಿದ್ದೆಹೋದ ಹುಡುಗಿಯ ಕಾಗದ ಓದಬಹುದು. ಕನ್ನಡಕ ಒರೆಸಿಕೊಂಡು ನಿನ್ನ ಕೆಲಸದ ಕರಾರಿನ ಹದಿನಾಲ್ಕು ಪುಟಗಳನ್ನೂ ಎರಡೆರಡು ಸಲ ಓದಿದೆ. ನೀನು ಒಮ್ಮೆಯೂ ಓದಿಲ್ಲವೆಂದು ಒಂಬತ್ತನೇ ಪುಟಕ್ಕೆ ಬಂದಾಗ ಗೊತ್ತಾಯಿತು. ವಾರಕ್ಕೆ ನಲವತ್ತೆಂಟು ಗಂಟೆ ಕೆಲಸ. ಅದರ ಮೇಲೆ ದುಡಿದದ್ದಕ್ಕೆ ಒಂದೂವರೆ ಪಟ್ಟು ಸಂಬಳ. ಸತತವಾಗಿ ಎಂಟು ವಾರ ಆ ಗಂಟೆ ಮೀರಿದರೆ ಆ ವಾರ್ಡಿಗೆ ಇನ್ನೊಬ್ಬ ಡಾಕ್ಟರನ್ನು ಹಾಕಲೇಬೇಕು. ಕೊನೆಯ ಸಾಲು ಮಾತ್ರ ಸಣ್ಣ ಅಕ್ಷರದ್ದು: ಹಾಜರಿ ಹಾಳೆಯಲ್ಲಿ ಡಾಕ್ಟರು ತಾವೇ ಬರೆದ ಗಂಟೆಗಳನ್ನಷ್ಟೇ ಪರಿಗಣಿಸಲಾಗುವುದು.

ಅದರ ಕೆಳಗೇ ನಿನ್ನ ಹಾಜರಿ ಹಾಳೆಗಳ ನಕಲುಗಳಿದ್ದವು. ಹನ್ನೊಂದು ವಾರ, ಪ್ರತಿ ವಾರವೂ ನಲವತ್ತೆಂಟು. ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕು, ಮುತ್ತು ಪೋಣಿಸಿದಂಥ ಅಕ್ಷರ. ಗಿರಣಿಯ ಗೇಟಿನಲ್ಲಿ ಇಪ್ಪತ್ತಾರು ವರ್ಷ ಹಾಜರಿ ಬರೆದವಳ ಮೊಮ್ಮಗಳು ಸುಳ್ಳು ಹಾಜರಿ ಬರೆದಿದ್ದಾಳೆ. ಮೈಯೆಲ್ಲ ಉರಿದುಹೋಯಿತು.

ಆಮೇಲೆ ನೀನು ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದ್ದು ನೆನಪಾಯಿತು. "ನಾನು ನಿಧಾನ ಅಜ್ಜಿ. ಹೆಚ್ಚು ಗಂಟೆ ಬರೆದ್ರೆ ಕೈಲಾಗದವಳು ಅಂತಾರೆ ದೊಡ್ಡ ಡಾಕ್ಟ್ರು. ಮೊನ್ನೆ ಔಷಧಿ ಅಳತೆ ತಪ್ಪಿ ಬರೆದಿದ್ದೆ, ನರ್ಸಕ್ಕ ನೋಡಿದ್ರು, ಬಚಾವಾದೆ. ಶುಕ್ರವಾರ ಹೊಸ ಕರಾರಿಗೆ ಸಹಿ ಹಾಕಲ್ಲ. ಈ ಕೆಲಸ ನನಗೆ ಆಗಲ್ಲ." ಈಗ ಹೇಳುತ್ತೇನೆ, ಕೇಳು. ನೀನು ನಿಧಾನದವಳಲ್ಲ. ಇಬ್ಬರ ಕೆಲಸವನ್ನು ಒಬ್ಬಳೇ ಮಾಡಿ, ಒಬ್ಬಳದ್ದೆಂದು ಬರೆದುಕೊಟ್ಟಿದ್ದೀಯ. ಹಾಳೆ ನೋಡಿದವರಿಗೆ ಆ ವಾರ್ಡಿನಲ್ಲಿ ಎಲ್ಲವೂ ನೆಟ್ಟಗಿದೆ. ಮತ್ತೆ ಇನ್ನೊಬ್ಬ ಡಾಕ್ಟರು ಎಲ್ಲಿಂದ ಬರಬೇಕು? ಮುಂದಿನ ಸಲ ಆ ನರ್ಸಮ್ಮ ರಜೆಯಲ್ಲಿದ್ದರೆ ರೋಗಿಯ ಗತಿಯೇನು?

ಹನ್ನೊಂದು ವಾರದ ಹಿಂದಿನದು ಹೇಗೆ ನೆನಪಿರುತ್ತದೆ ಅನ್ನಬೇಡ. ರೂಮಿಗೆ ತಲುಪಿದ ಕೂಡಲೇ ಎರಡು ರಿಂಗ್ ಕೊಟ್ಟು ಕಟ್ ಮಾಡೆಂದು ಮೊದಲ ದಿನವೇ ಹೇಳಿದ್ದೆನಲ್ಲ, ನೀನು ಒಂದು ದಿನವೂ ತಪ್ಪಿಸಿಲ್ಲ. ನಾನೂ ತಪ್ಪಿಸಿಲ್ಲ. ರಿಂಗ್ ಬಂದಾಗಲೆಲ್ಲ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ತಾರೀಕಿನ ಮೇಲೆ ಹೊತ್ತು ಬರೆದಿಟ್ಟಿದ್ದೇನೆ. ಹಳೆಯ ಚಾಳಿ. ನಮ್ಮ ಗಡಿಯಾರ ಮೂರು ನಿಮಿಷ ಮುಂದೆ, ಅದನ್ನು ಕಳೆದಿದ್ದೇನೆ. ಆಸ್ಪತ್ರೆಯಿಂದ ರೂಮಿಗೆ ಐದು ನಿಮಿಷದ ನಡಿಗೆ, ಅದನ್ನೂ ಕಳೆದಿದ್ದೇನೆ. ಬೆಳಗಿನ ಎಂಟರಿಂದ ಹಿಡಿದು, ಊಟದ ಅರ್ಧ ಗಂಟೆಯನ್ನೂ ಬಿಟ್ಟು ಕೂಡಿದರೆ ಕಳೆದ ವಾರ ಅರವತ್ತೊಂಬತ್ತು ಗಂಟೆ. ಯಾವ ವಾರವೂ ಅರವತ್ತಕ್ಕಿಂತ ಕಡಿಮೆಯಿಲ್ಲ. ಕ್ಯಾಲೆಂಡರಿನ ಆ ಹಾಳೆಗಳನ್ನು ಕಿತ್ತು ಫೈಲಿನಲ್ಲಿಟ್ಟು ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ. ಹಾಲಿನ ಲೆಕ್ಕಕ್ಕೆ ಏನು ಮಾಡಲಿ ಎಂದು ನಿನ್ನ ಅಮ್ಮ ಗೊಣಗುತ್ತಿದ್ದಾಳೆ, ಗೊಣಗಲಿ.

ಗುರುವಾರವೇ ಆಸ್ಪತ್ರೆಯ ಕಚೇರಿಗೆ ಹೋಗು. ತಪ್ಪು ಬರೆದಿದ್ದೆ, ತಿದ್ದಿಕೊಡುತ್ತೇನೆ ಎಂದು ತಲೆಯೆತ್ತಿ ಹೇಳು. ಜೊತೆಯ ಮರಿ ಡಾಕ್ಟರುಗಳನ್ನೂ ಕರೆದುಕೊಂಡು ಹೋಗು, ಅವರ ಹಾಳೆಗಳೂ ನಿನ್ನದರಷ್ಟೇ ಅಂದವಾಗಿರುತ್ತವೆ. ಆಮೇಲೆ ಶುಕ್ರವಾರ ಸಹಿ ಹಾಕುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಬಿಟ್ಟರೂ ಕೈಲಾಗದವಳೆಂದು ಬಿಡಬೇಡ.

ತಾತ, ಅಮ್ಮ ನೆನಪು ಹೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣು, ನೂರು ಕಾಲ ಬಾಳು.

ಇಂತಿ,
ನಿನ್ನ ಅಜ್ಜಿ

ಮರೆತಿದ್ದೆ: ನನ್ನ ಮೊಮ್ಮಗಳು ಗಡಿಯಾರ ನೋಡಿ ಕೆಲಸ ಮಾಡುವವಳಲ್ಲ ಎಂದು ಬಂದವರೆದುರೆಲ್ಲ ಹೇಳಿಕೊಳ್ಳುತ್ತಿದ್ದವಳು ನಾನು. ಆ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ. ಗಿರಣಿಯಲ್ಲಿ ನಾನೂರು ಜನರ ಹೆಚ್ಚಿನ ಗಂಟೆಯನ್ನು ನಿಮಿಷ ಬಿಡದೆ ಬರೆದೆ. ನನ್ನದನ್ನು ಒಂದು ದಿನವೂ ಬರೆದುಕೊಳ್ಳಲಿಲ್ಲ. ದೊಡ್ಡಸ್ತಿಕೆ ಅಂದುಕೊಂಡಿದ್ದೆ. ನಿನ್ನ ತಾತನಿಗೂ ಇದು ಗೊತ್ತಿಲ್ಲ. ನೀನು ನಿನ್ನದನ್ನು ಬರೆ.