ರಾತ್ರಿ ಆರಿಸಿದ ರೂಟರ್

೧೪ ಅಕ್ಟೋಬರ್, ಮಂಗಳವಾರ

ಇವತ್ತೂ ಅತ್ತೆ ಫೋನು ಹಿಡಿದು ಎದುರುಮನೆ ಕೋಮಲಳ ಜಗಲಿಗೇ ಹೋದರು. ಯಳಂದೂರಿನಲ್ಲಿರುವ ಮೊಮ್ಮಗುವನ್ನು ವಿಡಿಯೋದಲ್ಲಿ ನೋಡಬೇಕಲ್ಲ. "ನಮ್ ಮನೇಲಿ ಮಗಿನ್ ಮಕ ಕಲ್ಲಾಗೋಯ್ತದೆ ಕಣವ್ವ, ಇಲ್ಲಿ ನಗ್ತದೆ" ಎಂದು ಅವಳಿಗೆ ಹೇಳಿದ್ದು ನನ್ನ ಅಡುಗೆಮನೆಗೇ ಕೇಳಿಸಿತು.

ನಾನೂ ಕೋಮಲಳೂ ಒಂದೇ ದಿನ, ಒಂದೇ ಅಂಗಡಿಯಿಂದ ತಂದ ಒಂದೇ ಥರದ ವೈಫೈ ರೂಟರ್. ನಮ್ಮದಕ್ಕೆ ಆಯುಧಪೂಜೆಯಲ್ಲಿ ವಿಭೂತಿ ಬೇರೆ ಬಳಿದಿದ್ದೇನೆ. ಆದರೂ ಅವಳದು ಓಡುತ್ತದೆ, ನಮ್ಮದು ತೆವಳುತ್ತದೆ.

ಸಂಜೆ ರಿಪೇರಿಯವನು ಬಂದು ನೋಡಿದ. "ಅಪ್‌ಡೇಟು ಬರೋದೇ ರಾತ್ರಿ ಮೂರು ಗಂಟೆಗೆ ಕಣಕ್ಕ. ನೀವು ದಿನಾ ಆಫ್ ಮಾಡಿ ಮಲಗಿದ್ರೆ ಎಲ್ಲಿಂದ ಬತ್ತದೆ? ಈಗ ಕಂಪ್ನಿಯವ್ರು ಈ ಮಾಡಲ್‌ಗೆ ಕೊಡೋದ್ನೇ ನಿಲ್ಸವ್ರೆ, ಇನ್ನು ಹೊಸದೇ ತರ್ಬೇಕು."

ಮೂರು ವರ್ಷದಿಂದ, ದೇವರ ದೀಪ ಶಾಂತವಾದ ಮೇಲೆ ಇದರ ಸ್ವಿಚ್ಚನ್ನೂ ಆರಿಸಿಯೇ ಮಲಗುತ್ತಿದ್ದೇನೆ. ರಾತ್ರಿಯೆಲ್ಲ ಮಿನುಗುವ ಕೋಮಲಳ ರೂಟರ್ ನೋಡಿ, ದುಂದು ಹೆಂಗಸು ಎಂದು ಬೀದಿಯಲ್ಲೆಲ್ಲ ಆಡಿಕೊಂಡಿದ್ದೆ.

ದೀಪ ಹಚ್ಚುವ ಹೊತ್ತಿಗೆ ಕೋಮಲಳೇ ಬಂದಳು. "ಒಸದು ತರೋಗಂಟ ನಮ್ದೇ ಆಕ್ಕೊಳಿ ಕಣಕ್ಕ" ಎಂದು, ನಾನು ಕೇಳದೆಯೇ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕೊಟ್ಟಳು.

ಚೀಟಿ ಈ ಪುಟದ ಮೇಲೇ ಇದೆ. ನಾನಾಗಿದ್ದರೆ ಕೊಡುತ್ತಿರಲಿಲ್ಲ. ಅದು ಅವಳಿಗೆ ಗೊತ್ತಿದ್ದೂ ಕೊಟ್ಟಳಲ್ಲ, ಹೊಟ್ಟೆ ಉರಿಯುತ್ತಿರುವುದು ಅದಕ್ಕೇ.